‘ಯಾವ ಕಂಪನಿಯ ಮೋಟಾರು ಹೆಚ್ಚು ಬಾಳಿಕೆ ಬರುತ್ತದೆ?’: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಿಕಲ್ ವರ್ಕ್‌ಶಾಪಿನಲ್ಲಿ ಬಹುಕಾಲ ಬೋಧಕನಾಗಿದ್ದವನೆಂಬ ಕಾರಣಕ್ಕೆ, ನಮ್ಮ ಬೆಂಗಳೂರಿನ ಬಡಾವಣೆಯಲ್ಲಿ ಯಾರ ಮನೆಯ ನೀರಿನ ಮೋಟಾರು ಕೆಟ್ಟರೂ ಅವರು ಮೊದಲು ಬಂದು ನಿಲ್ಲುವುದು ನಮ್ಮ ಗೇಟಿನ ಮುಂದೆ. ಕೇಳುವ ಪ್ರಶ್ನೆಯೂ ಹೆಚ್ಚು ಕಡಿಮೆ ಒಂದೇ: “ಸಾರ್, ಎರಡೇ ವರ್ಷಕ್ಕೆ ಸುಟ್ಟುಹೋಯಿತು. ಈ ಸಲ ಯಾವ ಕಂಪನಿಯದು ತರಲಿ?” ಕಂಪನಿಯ ಹೆಸರು ಹೇಳುವ ಬದಲು ನಾನು ಟಾರ್ಚ್ ಹಿಡಿದು ಅವರ ಸಂಪಿನ ಮುಚ್ಚಳ ತೆಗೆಸುತ್ತೇನೆ. ಇದರಿಂದ ಬೇಸರಪಟ್ಟುಕೊಂಡವರೂ ಇದ್ದಾರೆ. ಆದರೆ ನಾನು ಬಿಚ್ಚಿ ನೋಡಿದ ಸುಟ್ಟ ಮೋಟಾರುಗಳಲ್ಲಿ ಹೆಚ್ಚಿನವು ತಮ್ಮ ದೋಷದಿಂದ ಸುಟ್ಟವಲ್ಲ. ಸಂಪು, ಪೈಪು, ವೋಲ್ಟೇಜು ಇವುಗಳ ದೋಷವನ್ನು ತಾಳಲಾರದೆ ಸುಟ್ಟವು. ಅದೇ ಪೈಪಿಗೆ ಎಷ್ಟೇ ದುಬಾರಿಯ ಹೊಸ ಪಂಪನ್ನು ಕೂಡಿಸಿದರೂ ಅದಕ್ಕೂ ಅದೇ ಗತಿ.

ಮೊದಲಿಗೆ ನಮ್ಮ ಮನೆಗಳಲ್ಲಿರುವ ಪಂಪು ಎಂಥದು ಎಂಬುದನ್ನು ತಿಳಿಯಬೇಕು. ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೇರಿಸಲು ಸಾಮಾನ್ಯವಾಗಿ ಬಳಸುವುದು ಅರ್ಧ ಅಥವಾ ಒಂದು ಎಚ್‌ಪಿಯ ಸೆಲ್ಫ್ ಪ್ರೈಮಿಂಗ್ ಮಾನೋಬ್ಲಾಕ್, ಅಂದರೆ ಪೈಪಿನ ಗಾಳಿಯನ್ನು ತಾನೇ ಹೊರಹಾಕಿ ನೀರೆಳೆದುಕೊಳ್ಳುವ, ಮೋಟಾರೂ ಪಂಪೂ ಒಂದೇ ದಂಡದಲ್ಲಿ ಕೂಡಿರುವ ಯಂತ್ರ. ಅದರೊಳಗೆ ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿರುವ ಹಿತ್ತಾಳೆಯ ಚಕ್ರ (ಇಂಪೆಲ್ಲರ್) ಒಂದು ಕವಚಕ್ಕೆ ತಾಗಿಯೂ ತಾಗದಂತೆ ತಿರುಗುತ್ತದೆ. ಆ ಸಂದು ಎಷ್ಟು ಕಿರಿದೋ ಪಂಪು ಅಷ್ಟು ಎತ್ತರಕ್ಕೆ ನೀರು ತಳ್ಳಬಲ್ಲದು. ಮರಳಿನ ಸಣ್ಣ ಕಣ ಆ ಸಂದಿನಲ್ಲಿ ಸೇರಿದರೆ ಎರಡೂ ಕಡೆಯ ಲೋಹವನ್ನು ಉಜ್ಜಿ ತೆಗೆಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಸಂಪನ್ನು ತೊಳೆಯುವುದು ಮತ್ತು ಎಳೆಯುವ ಪೈಪಿನ ಕೆಳತುದಿಯಲ್ಲಿದ್ದು ನೀರು ಹಿಂದಿರುಗದಂತೆ ತಡೆಯುವ ಫುಟ್‌ವಾಲ್ವನ್ನು ತಳಕ್ಕೆ ಮುಟ್ಟಿಸದೆ ಮುಕ್ಕಾಲು ಅಡಿಯಷ್ಟು ಮೇಲೆ ನಿಲ್ಲಿಸುವುದು ಪಂಪಿನ ಆಯುಸ್ಸಿಗೆ ನೇರವಾಗಿ ಸಂಬಂಧಿಸಿದ ಕೆಲಸಗಳು. ಟ್ಯಾಂಕರ್ ನೀರು ಹಾಕಿಸಿಕೊಳ್ಳುವ ಮನೆಗಳಲ್ಲಿ ವರ್ಷಕ್ಕೊಮ್ಮೆ ಸಾಲದು. ನೀರು ಬಿಟ್ಟ ಕೂಡಲೇ ಮೋಟಾರು ಹಾಕದೆ, ಕಲಕಿದ ಮಣ್ಣು ತಳಕ್ಕಿಳಿಯಲು ಒಂದೆರಡು ಗಂಟೆ ಬಿಡಬೇಕು.

ಆದರೂ ಮರಳು ನಿಧಾನವಾಗಿ ಕೊಲ್ಲುತ್ತದೆ. ಬೇಗ ಕೊಲ್ಲುವುದು ನೀರಿಲ್ಲದ ಓಟ. ಮೋಟಾರಿನ ದಂಡವು ಪಂಪಿನ ಕವಚವನ್ನು ಹೊಗುವ ಜಾಗದಲ್ಲಿ ಮೆಕ್ಯಾನಿಕಲ್ ಸೀಲ್ ಎಂಬ ಭಾಗವಿದೆ. ಅದರಲ್ಲಿ ಒಂದು ಕಾರ್ಬನ್ ಬಿಲ್ಲೆಯೂ ಒಂದು ಸೆರಾಮಿಕ್ ಬಿಲ್ಲೆಯೂ ಒಂದಕ್ಕೊಂದು ಒತ್ತಿಕೊಂಡಿದ್ದು, ನಡುವೆ ಇರುವ ನೀರಿನ ತೆಳುಪದರವೇ ಅವುಗಳಿಗೆ ಎಣ್ಣೆಯ ಕೆಲಸವನ್ನೂ ತಂಪಾಗಿಡುವ ಕೆಲಸವನ್ನೂ ಮಾಡುತ್ತದೆ. ಸಂಪು ಬರಿದಾಗಿ ಪಂಪು ಗಾಳಿಯನ್ನೇ ಎಳೆಯತೊಡಗಿದರೆ ಆ ಪದರ ಆರಿಹೋಗಿ, ಕೆಲವೇ ನಿಮಿಷಗಳಲ್ಲಿ ಬಿಲ್ಲೆಗಳು ಕಾದು ಗೀರುಬೀಳುತ್ತವೆ.

ಇಲ್ಲಿ ನನ್ನದೇ ಅವಿವೇಕವನ್ನು ಹೇಳಿಕೊಳ್ಳಬೇಕು. ಟ್ಯಾಂಕು ತುಂಬಿ ಹರಿಯಬಾರದೆಂದು ಮೇಲಿನ ಟ್ಯಾಂಕಿಗೆ ಮಾತ್ರ ಸೆನ್ಸರ್ ಹಾಕಿಸಿ, ಇನ್ನು ಸ್ವಿಚ್ಚಿನ ಚಿಂತೆಯಿಲ್ಲವೆಂದು ನೆಮ್ಮದಿಯಿಂದಿದ್ದೆ. ಒಂದು ಬೇಸಿಗೆಯಲ್ಲಿ ಕಾವೇರಿ ನೀರು ಬರಬೇಕಾದ ದಿನ ಬರಲಿಲ್ಲ. ರಾತ್ರಿ ಸಂಪು ಬರಿದಾಯಿತು, ಟ್ಯಾಂಕು ತುಂಬಲಿಲ್ಲ. ಟ್ಯಾಂಕು ತುಂಬದ ಕಾರಣ ಸೆನ್ಸರ್ ಮೋಟಾರನ್ನು ನಿಲ್ಲಿಸಲೂ ಇಲ್ಲ. ಬೆಳಿಗ್ಗೆ ನೋಡಿದರೆ ಪಂಪಿನ ಕವಚ ಮುಟ್ಟಲಾಗದಷ್ಟು ಸುಡುತ್ತಿತ್ತು, ಅದಕ್ಕೆ ಸೇರಿದ ಪಿವಿಸಿ ಪೈಪಿನ ತುದಿ ಮೆತ್ತಗಾಗಿ ಜೋತುಬಿದ್ದಿತ್ತು. ಮೇಲಿನ ಸೆನ್ಸರ್ ಕಾಯುವುದು ನೀರನ್ನು, ಸಂಪಿನ ಸೆನ್ಸರ್ ಕಾಯುವುದು ಪಂಪನ್ನು. ಎರಡರಲ್ಲಿ ಒಂದನ್ನೇ ಹಾಕಿಸುವಷ್ಟು ಹಣವಿದ್ದರೆ ಸಂಪಿನದನ್ನು ಹಾಕಿಸಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಸಂಪಿನಲ್ಲಿ ನೀರಿದ್ದೂ ಪಂಪಿಗೆ ನೀರು ಸಿಗದಿರುವುದೂ ಉಂಟು. “ಏರ್ ಹಿಡ್ಕೊಂಡಿದೆ” ಎಂದು ದಿನಕ್ಕೊಂದು ಚೊಂಬು ನೀರು ಸುರಿದು ಮೋಟಾರು ಹಾಕುವ ಮನೆಗಳು ಎಷ್ಟೋ ಇವೆ. ಪ್ರತಿಸಲವೂ ನೀರು ಸುರಿಯಬೇಕಾಗಿ ಬಂದರೆ ಒಂದೋ ಫುಟ್‌ವಾಲ್ವ್ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲ, ಇಲ್ಲವೇ ಎಳೆಯುವ ಪೈಪಿನ ಯಾವುದೋ ಜೋಡಣೆಯಲ್ಲಿ ಗಾಳಿ ನುಸುಳುತ್ತಿದೆ. ಎಳೆಯುವ ಕಡೆಯ ಪೈಪಿನಲ್ಲಿ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುವುದರಿಂದ ಅಲ್ಲಿನ ತೂತಿನಿಂದ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ; ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಜೋಡಣೆಗಳಿಗೆ ಸೋಪಿನ ನೊರೆ ಬಳಿದು ಮೋಟಾರು ಓಡಿಸಿದರೆ, ನೊರೆ ಒಳಗೆ ಎಳೆದುಕೊಂಡು ಹೋಗುವ ಜಾಗವೇ ತೂತು.

ಪಂಪನ್ನು ಎಷ್ಟು ಮೇಲೆ ಕೂರಿಸಬಹುದೆಂಬುದಕ್ಕೂ ಮಿತಿಯಿದೆ. ನೀರನ್ನು ಸಂಪಿನಿಂದ ಪಂಪಿನವರೆಗೆ ಮೇಲಕ್ಕೆ ತಳ್ಳುವುದು ವಾಸ್ತವದಲ್ಲಿ ವಾತಾವರಣದ ಒತ್ತಡ. ಮಂಗಳೂರಿನಂತೆ ಸಮುದ್ರಮಟ್ಟದಲ್ಲಿರುವ ಊರಿನಲ್ಲಿ ಅದು ಹೆಚ್ಚೆಂದರೆ 10.3 ಮೀಟರ್ ನೀರನ್ನು ಎತ್ತಬಲ್ಲದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದೇ ಲೆಕ್ಕ 9.3 ಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಪೈಪಿನ ಘರ್ಷಣೆ, ಬೆಂಡುಗಳು, ಸಣ್ಣಪುಟ್ಟ ಸೋರಿಕೆ ಎಲ್ಲವನ್ನೂ ಕಳೆದರೆ 6 ಮೀಟರಿಗಿಂತ ಹೆಚ್ಚಿನ ಭರವಸೆಯನ್ನು ನಾನು ಕೊಡಲಾರೆ. ನಮ್ಮ ಸಂಪುಗಳು ಎಂಟು ಅಡಿ ಆಳ ಮೀರುವುದು ಅಪರೂಪವಾದ್ದರಿಂದ ಆಳದ ತೊಂದರೆ ಕಡಿಮೆ. ತೊಂದರೆ ಬರುವುದು, ಸದ್ದು ಕೇಳಿಸಬಾರದೆಂದು ಪಂಪನ್ನು ಮನೆಯ ಹಿಂಭಾಗದಲ್ಲಿಟ್ಟು, ಒಂದಿಂಚಿನ ಬದಲು ಮುಕ್ಕಾಲಿಂಚಿನ ಪೈಪನ್ನು ನಾಲ್ಕೈದು ಎಲ್ಬೋ ಹಾಕಿ ಎಳೆದುಕೊಂಡು ಬಂದಾಗ. ಕಂಪನಿ ಕೊಟ್ಟ ಬಾಯಿಗಿಂತ ಸಣ್ಣ ಪೈಪನ್ನು ಎಳೆಯುವ ಕಡೆಗೆ ಎಂದಿಗೂ ಹಾಕಬಾರದು.

ಇನ್ನು ವಿದ್ಯುತ್ತಿನ ವಿಷಯ. ಮೋಟಾರಿನ ತಿರುಗಿಸುವ ಬಲ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಗುಣಲಬ್ಧಕ್ಕೆ) ಅನುಗುಣವಾಗಿರುತ್ತದೆ. 230 ವೋಲ್ಟ್ ಇರಬೇಕಾದಲ್ಲಿ ಬೇಸಿಗೆಯ ಸಂಜೆ 180 ಮಾತ್ರ ಬಂದರೆ ಬಲ ನೂರಕ್ಕೆ ಅರವತ್ತೊಂದರಷ್ಟೇ ಉಳಿಯುತ್ತದೆ. ಕೆಲಸ ಮಾತ್ರ ಅಷ್ಟೇ ಇರುವುದರಿಂದ ಮೋಟಾರು ಹೆಚ್ಚು ಕರೆಂಟು ಎಳೆದು ಬಿಸಿಯೇರುತ್ತದೆ. ಮೋಟಾರಿನೊಳಗಿನ ತಂತಿಸುರುಳಿಯ (ಕಾಯಿಲಿನ) ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಅದರ ನಿರೋಧಕ ಲೇಪದ ಆಯುಸ್ಸು ಅರ್ಧವಾಗುತ್ತದೆಂಬುದು ನಾವು ತರಗತಿಯಲ್ಲಿ ಕಲಿಸುತ್ತಿದ್ದ ಸ್ಥೂಲ ನಿಯಮ. ಬೆಳಗಿನ ಜಾವ ನೀರೇರಿಸಿಕೊಳ್ಳುವ ಅಜ್ಜಿಯರ ಅಭ್ಯಾಸವನ್ನು ಎಂಜಿನಿಯರಿಂಗ್ ದೃಷ್ಟಿಯಿಂದಲೂ ನಾನು ಸಮರ್ಥಿಸುತ್ತೇನೆ. ಸ್ವಿಚ್ ಹಾಕಿದಾಗ ಮೋಟಾರು ಗುಂಯ್‌ಗುಟ್ಟಿ ತಿರುಗದೆ ನಿಂತರೆ ತಕ್ಷಣ ಆರಿಸಬೇಕು. ಮತ್ತೆ ಮತ್ತೆ ಹಾಕಿ ನೋಡುವುದರಿಂದಲೇ ಎಷ್ಟೋ ಕಾಯಿಲುಗಳು ಸುಟ್ಟಿವೆ. ಹಾಗಾಗಲು ಕಾರಣ ಹಲವು ಸಲ ಮೋಟಾರು ತಿರುಗತೊಡಗಲು ನೆರವಾಗುವ, ಕೇವಲ ನೂರಿನ್ನೂರು ರೂಪಾಯಿಯ ಕೆಪಾಸಿಟರ್. ಅದನ್ನು ಬದಲಿಸುವಾಗ ನಾಮಫಲಕದಲ್ಲಿ ನಮೂದಿಸಿದ ಮೈಕ್ರೋಫ್ಯಾರಡ್‌ನದೇ ತರಬೇಕು, “ದೊಡ್ಡದು ಹಾಕಿದರೆ ಪವರ್ ಜಾಸ್ತಿ” ಎಂಬ ಮಾತನ್ನು ನಂಬಬಾರದು. ಇನ್ನೊಂದು ಕಾರಣ ಜಾಮ್ ಆಗುವುದು. ಗಡಸು ನೀರಿನ ಊರುಗಳಲ್ಲಿ ಒಂದು ತಿಂಗಳು ಓಡಿಸದೆ ಬಿಟ್ಟರೆ ಆ ಕಿರಿದಾದ ಸಂದಿನಲ್ಲಿ ಸುಣ್ಣ ಕಟ್ಟಿ ಇಂಪೆಲ್ಲರ್ ಹಿಡಿದುಕೊಳ್ಳುತ್ತದೆ. ಆಗ ಮೇನ್ ಸ್ವಿಚ್ ಆರಿಸಿ, ಹಿಂಬದಿಯ ಕವರ್ ಬಿಚ್ಚಿ, ಫ್ಯಾನನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಹಿಂದೆಮುಂದೆ ತಿರುಗಿಸಿದರೆ ಹೆಚ್ಚಿನ ವೇಳೆ ಬಿಟ್ಟುಕೊಳ್ಳುತ್ತದೆ.

ನೀರೇರುವ ಪೈಪಿನ ಗೇಟ್ ವಾಲ್ವನ್ನು ಅರ್ಧ ಮುಚ್ಚಿದರೆ ಮೋಟಾರಿಗೆ ಹೊರೆ ಕಡಿಮೆಯೆಂಬ ಸಲಹೆಯೂ ಚಾಲ್ತಿಯಲ್ಲಿದೆ. ಹೊಲದ ಸೆಂಟ್ರಿಫ್ಯೂಗಲ್ ಪಂಪಿಗೆ ಅದು ನಿಜ. ಹಲ್ಲಿನ ಇಂಪೆಲ್ಲರಿನ ಈ ಮನೆಪಂಪಿಗೆ ಅದು ತಲೆಕೆಳಗಾದ ಮಾತು. ಇದರಲ್ಲಿ ದಾರಿ ಮುಚ್ಚಿದಷ್ಟೂ ಒತ್ತಡ ಏರಿ ಕರೆಂಟು ಹೆಚ್ಚುತ್ತದೆ.

ನಾನು ತೀರಾ ಗಂಭೀರವಾಗಿ ತೆಗೆದುಕೊಳ್ಳುವ ಲಕ್ಷಣವೆಂದರೆ ಪಂಪಿಗೂ ಮೋಟಾರಿಗೂ ನಡುವೆ, ಕೆಳಗೆ ಕಾಣುವ ಒದ್ದೆ ಕಲೆ. ತೊಟ್ಟಿಕ್ಕುತ್ತಿರುವುದು ಎರಡು ಹನಿಯೆಂದು ಬಿಟ್ಟರೆ, ಸೀಲಿನಿಂದ ಸೋರಿದ ನೀರು ಮುಂದಿನ ಬೇರಿಂಗನ್ನು ಸೇರಿ ಗುಂಡುಗಳಿಗೆ ತುಕ್ಕು ಹಿಡಿಸುತ್ತದೆ, ಮೋಟಾರು ಕಿರ್ರೆನ್ನತೊಡಗುತ್ತದೆ, ಸಡಿಲಗೊಂಡ ದಂಡದಿಂದ ತಿರುಗುವ ಭಾಗವಾದ ರೋಟರ್ ಓಲಾಡಿ ಸುತ್ತಲಿನ ತಿರುಗದ ಭಾಗವಾದ ಸ್ಟೇಟರಿಗೆ ಉಜ್ಜುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ಸೀಲಿನ ಖರ್ಚಿನಲ್ಲಿ ಮುಗಿಯಬೇಕಾದದ್ದು ಹೀಗೆ ಕಾಯಿಲನ್ನು ಮತ್ತೆ ಸುತ್ತಿಸುವ ವೈಂಡಿಂಗಿನ ಖರ್ಚಾಗುತ್ತದೆ. ಮಳೆಗೆ ನೆನೆಯದಿರಲೆಂದು ಮೋಟಾರಿಗೆ ಸಿಮೆಂಟಿನ ಚೀಲ ಸುತ್ತುವವರೂ ಇದ್ದಾರೆ. ಹಿಂಬದಿಯ ಫ್ಯಾನಿಗೆ ಗಾಳಿ ಸಿಗದೆ ಅದು ಬೆವರುವುದಕ್ಕಿಂತ ತುಸು ನೆನೆಯುವುದೇ ಲೇಸು. ಬೇಕಾದದ್ದು ಮೇಲೊಂದು ಶೀಟು, ಸುತ್ತ ಒಂದು ಗೇಣು ಬಯಲು.

ಇಷ್ಟೆಲ್ಲವನ್ನೂ ನೆನಪಿಟ್ಟುಕೊಳ್ಳಲಾಗದವರಿಗೆ ನನ್ನ ಮನೆಯ ಪದ್ಧತಿಯನ್ನು ಹೇಳುತ್ತೇನೆ. ಹೊಸ ಪಂಪು ಕೂರಿಸಿದ ದಿನ ಸಾವಿರ ಲೀಟರಿನ ಖಾಲಿ ಟ್ಯಾಂಕು ತುಂಬಲು ಎಷ್ಟು ನಿಮಿಷ ಹಿಡಿಯಿತೆಂದು ಸ್ವಿಚ್ಚಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ. ಆಮೇಲೆ ಆರು ತಿಂಗಳಿಗೊಮ್ಮೆ ಟ್ಯಾಂಕು ತೊಳೆದಾಗಲೆಲ್ಲ ಬರೆಯುತ್ತ ಬಂದೆ. 28, 28, 29, 31, 36. ಮೂವತ್ತಾರಕ್ಕೆ ಬಂದಾಗ ಫುಟ್‌ವಾಲ್ವನ್ನು ಎತ್ತಿ ನೋಡಿದರೆ, ಅದರ ಜಾಲರಿಯ ಸುತ್ತ ತೆಂಗಿನ ಬೇರಿನ ಎಳೆಗಳು ಹೆಣೆದುಕೊಂಡಿದ್ದವು. ಸಂಪಿನ ಗೋಡೆಯ ಬಿರುಕಿನಿಂದ ಇಳಿದು ಬಂದವು. ಬೇರು ಕತ್ತರಿಸಿ, ಬಿರುಕಿಗೆ ಸಿಮೆಂಟು ಮೆತ್ತಿ, ಮರುದಿನ ಅದೇ ಗೋಡೆಯ ಮೇಲೆ ಮತ್ತೆ 29 ಎಂದು ಬರೆದೆ.