‘ಹೈ ಡೆನ್ಸಿಟಿ’ ಅಂದ್ರೆ ಎಷ್ಟು ಗಟ್ಟಿ?

ಮೀನು ಹಿಡಿಯುವ ರಾಡ್‌ನ ಗ್ರಿಪ್ಪಿಗೆ, ಅಂದ್ರೆ ಹಿಡಿಕೆಗೆ, ಹಾಕುವ ರಬ್ಬರಿನಂಥ ಇವಿಎ ಫೋಮ್ ಬಾಕ್ಸ್ ಮೇಲೆ ‘ಹೈ ಡೆನ್ಸಿಟಿ’ ಅಂತ ಬರೆದಿದ್ದರೆ ನಾನೀಗ ನಂಬುವುದಿಲ್ಲ. ಎಲ್ಲ ಸಪ್ಲೈಯರ್‌ಗಳೂ ಹಾಗೇ ಬರೆಯುತ್ತಾರೆ. ಆ ಸಲ ಬಂದ ಬಾಕ್ಸ್ ಮೇಲೆ 45 ಅಂತ ನಂಬರೂ ಇತ್ತು. ಗಟ್ಟಿತನ ಅಳೆಯುವ ಯಾವ ಸ್ಕೇಲ್ ಅಂತ ಮಾತ್ರ ಇರಲಿಲ್ಲ. ಶೋರ್ ಎ 45 ಬೇರೆ, ಶೋರ್ ಸಿ 45 ಬೇರೆ.

ಕೆಲಸ, ಅಂಡಮಾನ್‌ಗೆ ಜಿಟಿ (ಜೈಂಟ್ ಟ್ರೆವಲಿ ಎಂಬ ದೊಡ್ಡ ಮೀನು) ಹಿಡಿಯಲು ಹೊರಟಿದ್ದ ಗಿರಾಕಿಯ ಪಾಪಿಂಗ್ ರಾಡ್, ಅಂದ್ರೆ ನೀರಿನ ಮೇಲೆ ಸದ್ದು ಮಾಡುವ ಹುಸಿ ಮೀನು ಎಸೆಯುವ ಗಟ್ಟಿ ರಾಡ್. ಕಾರ್ಕ್ ಬೇಡ ಅಂದಿದ್ದೆ. ದೋಣಿಯ ಅಂಚಿಗೆ ತಾಗಿ ತಾಗಿ ಚಕ್ಕೆ ಏಳುತ್ತದೆ. ಮೆತ್ತನೆ ಇವಿಎಯೂ ಬೇಡ. ಅಂಗಡಿಯಲ್ಲಿ ಹಿಡಿದು ನೋಡುವಾಗ ಎಲ್ಲರಿಗೂ ಅದೇ ಇಷ್ಟ. ದೊಡ್ಡ ಮೀನು ಎಳೆಯುವಾಗ ಕೈಯೊಳಗೆ ಅಮುಕಿಹೋಗುತ್ತದೆ. ಗಟ್ಟಿ ಇವಿಎ ಆರಿಸಿದ್ದು ಸರಿಯೇ, ಈಗಲೂ ಹಾಗೇ ಹೇಳುತ್ತೇನೆ.

ಆದರೆ ಗ್ರಿಪ್ಪಿನ ತೂತನ್ನು ಹಳೇ ಲೆಕ್ಕದಲ್ಲೇ ರೀಮ್ ಮಾಡಿದೆ, ಅಂದ್ರೆ ಉಜ್ಜಿ ಅಗಲ ಮಾಡಿದೆ. ಹಳೇ ಸ್ಟಾಕ್‌ನಲ್ಲಿ ತೂತು ಬ್ಲ್ಯಾಂಕ್‌ನ (ರಾಡ್‌ನ ಬರೀ ಕಾರ್ಬನ್ ಕೋಲಿನ) ಬುಡಕ್ಕಿಂತ 3 ಮಿ.ಮೀ. ಕಡಿಮೆ ಇದ್ದರೂ ಹಿಗ್ಗಿ ಕೂರುತ್ತಿತ್ತು. ಬೆರಳಲ್ಲಿ ಒತ್ತಿ ನೋಡಿದೆ. ಸ್ವಲ್ಪ ಜಾಸ್ತಿ ಗಟ್ಟಿ ಅನಿಸಿತು. ಫೋಮ್ ತಾನೇ, ಹಿಗ್ಗುತ್ತೆ ಅಂದುಕೊಂಡೆ. ಗಮ್ಮು ಹಚ್ಚುವ ಮೊದಲು ಒಮ್ಮೆ ತೂರಿಸಿ ನೋಡುವ ಡ್ರೈ ಫಿಟ್ ಮಾಡಲಿಲ್ಲ.

ಬ್ಲ್ಯಾಂಕ್‌ಗೆ ಎಪಾಕ್ಸಿ ಗಮ್ಮು ಬಳಿದು, ಗ್ರಿಪ್ಪನ್ನು ಟಿಪ್ ಕಡೆಯಿಂದ ತೂರಿಸಿ, ತಿರುಚುತ್ತಾ ಕೆಳಗೆ ದೂಡಿದೆ. ಬುಡ ದಪ್ಪಗಾಗುವ ಕಡೆ ಬಿಗಿಯಾಯಿತು. ಮಾರ್ಕಿಗೆ ಒಂದು ಗೇಣು ಬಾಕಿ ಇರುವಾಗ ನಿಂತೇಬಿಟ್ಟಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಪ್ಪಿನಲ್ಲಿ ಉಳಿದ ಗಮ್ಮು ಆಗಲೇ ಬಿಸಿಯಾಗಿ ದಪ್ಪವಾಗುತ್ತಿತ್ತು. ಮಂಗಳೂರಿನ ಏಪ್ರಿಲ್, ಏಸಿ ಇರುವುದು ಧಣಿಯ ರೂಮಿನಲ್ಲಿ ಮಾತ್ರ.

“ಅಣ್ಣಾ, ಸ್ವಲ್ಪ ಬೇಗ ಬನ್ನಿ” ಅಂತ ಲೇತ್ ಹತ್ತಿರ ಇದ್ದ ಸೀನಿಯರ್‌ನ ಕೂಗಿದೆ. ಅವರು ಬ್ಲ್ಯಾಂಕ್ ಹಿಡಿದರು. ನಾನು ಎರಡೂ ಕೈಯಲ್ಲಿ ಗ್ರಿಪ್ ತಿರುಚಿದೆ. ಅರ್ಧ ಇಂಚು ಹೋಯಿತು.

“ಸಾಕು ಬಿಡು ಮಾರಾಯ. ಬ್ಲ್ಯಾಂಕ್ ಒಡೆದ್ರೆ ಧಣಿ ಇಬ್ರನ್ನೂ ಮನೆಗೆ ಕಳಿಸ್ತಾರೆ.”

ಇನ್ನೊಂದೇ ಸಲ ಅಂತ ದೂಡಿದೆ. ಗ್ರಿಪ್ಪಿನ ಕೆಳಗಿನ ಬಾಯಿ ತುತ್ತೂರಿಯ ಹಾಗೆ ಅರಳಿ ಸೀಳಿಹೋಯಿತು.

ಆಮೇಲೆ ಬ್ಲೇಡ್. ಕಾರ್ಬನ್‌ಗೆ ತಾಗದ ಹಾಗೆ ತೆಳು ಪದರ ಬಿಟ್ಟು ಉದ್ದಕ್ಕೆ ಕೊಯ್ದು, ಉಳಿದದ್ದನ್ನು ಉಗುರಲ್ಲಿ ಕಿತ್ತು, ಸ್ಪಿರಿಟ್‌ನಲ್ಲಿ ಒರೆಸಿದೆವು. ಆಗ ಇನ್ನೊಂದು ಸಂಗತಿ ಕಂಡಿತು. ಬಿಗಿ ತೂತು ಗಮ್ಮನ್ನೆಲ್ಲ ತನ್ನ ಮುಂದೆ ಬಳಿದುಕೊಂಡು ಹೋಗಿತ್ತು. ಗ್ರಿಪ್ಪಿನ ಒಳಗೆ ಮೇಲಿನ ಅರ್ಧದಲ್ಲಿ ಗಮ್ಮೇ ಇಲ್ಲ. ಹೇಗೋ ಮಾರ್ಕಿನವರೆಗೆ ಕೂತಿದ್ದರೂ, ಜಿಟಿ ಕಚ್ಚಿದ ಹೊತ್ತಿಗೆ ಗ್ರಿಪ್ ಗಿರಾಕಿಯ ಕೈಯಲ್ಲೇ ತಿರುಗುತ್ತಿತ್ತು. ಸೀಳಿದ್ದೇ ವಾಸಿ ಅಲ್ವಾ?

ಮುಂದಿನ ಗ್ರಿಪ್ಪಿಗೆ 1 ಮಿ.ಮೀ. ಮಾತ್ರ ಕಡಿಮೆ ಇಟ್ಟು, ತೂತಿನ ಒಳಗೂ ಗಮ್ಮು ಬಳಿದೆ. ಸಲೀಸಾಗಿ ಕೂತಿತು.

ಗಟ್ಟಿತನ ಅಳೆಯುವ ಒಂದು ಡ್ಯುರೋಮೀಟರ್ ತರಿಸಿ ಅಂತ ಧಣಿಯನ್ನು ಕೇಳಿದೆ. “ನಿಂಗೆ ಬೆರಳು ಇಲ್ವಾ?” ಅಂದರು. ಹಾಗಾಗಿ ಈಗ ಪ್ರತಿ ಲಾಟ್‌ನಿಂದ ಒಂದು ಉಂಗುರ ಕತ್ತರಿಸಿ, ಮುರಿದ ಬ್ಲ್ಯಾಂಕ್ ತುಂಡಿಗೆ ತೂರಿಸಿ ಎಷ್ಟು ಹಿಗ್ಗುತ್ತದೆ ನೋಡುತ್ತೇವೆ. ಯಂತ್ರಕ್ಕೆ ದುಡ್ಡಿಲ್ಲದವರು ಮೊನ್ನೆ ಎರಡು ಬಣ್ಣ ಅಂಟಿಸಿದ ಬ್ಲಾಕ್‌ಗಳನ್ನು ತರಿಸಿದ್ದಾರೆ. ಲೇತ್‌ಗೆ ಹಾಕಿ ಉಪ್ಪುಕಾಗದ ಹಿಡಿದರೆ ಫೋಮ್ ಸವೆಯುತ್ತದೆ, ಅಂಟಿನ ಗೆರೆ ಉಬ್ಬಿ ನಿಲ್ಲುತ್ತದೆ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ. ಆರ್ಡರ್ ಮಾತ್ರ ತಗೊಂಡಾಗಿದೆ.