ಓವರ್‌ಡ್ರಾಫ್ಟ್ (ಓಡಿ) ಇದ್ದೂ ಬಳೆ ಅಡವಿಗೆ

ಸುಂಟಿಕೊಪ್ಪ
29 ಮಾರ್ಚ್ 2025, ಶನಿವಾರ

ಬಟವಾಡೆ ಮುಗಿಯುವಾಗ ಸಂಜೆ ಆರೂವರೆ. ನೋಟು ಎಣಿಸಿ ಕೊಡುತ್ತಿದ್ದಾಗ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆ) ಅಕ್ಕ ನನ್ನ ಕೈ ನೋಡಿ, "ಬಳೆ ಎಲ್ಲಮ್ಮಾ? ನಾಳೆ ಯುಗಾದಿ ಅಲ್ವಾ?" ಎಂದು ಕೇಳಿದರು. ಏನು ಹೇಳಲಿ? ಹತ್ತೊಂಬತ್ತು ವರ್ಷ ಬಳೆ ಇದ್ದ ಜಾಗದಲ್ಲಿ ಬಿಳಿ ಗೆರೆ ಎದ್ದು ಕಾಣುತ್ತಿದೆ. ಬಳೆ, ಸರ ಎರಡೂ ಸೋಮವಾರದಿಂದ ಅಡವಿನಲ್ಲಿವೆ. ಐದು ಲಕ್ಷದ ಓಡಿ, ಅಂದರೆ ಬೇಕಾದಾಗ ಮಿತಿಯವರೆಗೆ ಬ್ಯಾಂಕ್ ಖಾತೆಯಿಂದ ತೆಗೆದು ಕಟ್ಟಬಹುದಾದ ಸಾಲ, ಇಟ್ಟುಕೊಂಡೂ ಹೀಗಾಯಿತಲ್ಲ ಎಂದು ವಾರವಿಡೀ ಮನಸ್ಸು ಕುದಿಯುತ್ತಿದೆ.

ಸಹಕಾರ ಸೊಸೈಟಿಯ ಬೆಳೆಸಾಲ ಮೂರು ಲಕ್ಷ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ, ಗಡುವು ತಪ್ಪಿದರೆ ಆ ಸೌಲಭ್ಯವೂ ಇಲ್ಲ. ಅದಕ್ಕೇ ಮಾರ್ಚ್ ಬಂತೆಂದರೆ ನಮ್ಮ ಕಡೆ ಎಲ್ಲರೂ ನಾಲ್ಕು ದಿನದ ಕೈಸಾಲಕ್ಕೆ ಓಡಾಡುತ್ತಾರೆ. ಕಟ್ಟುವುದು, ಹೊಸ ಸಾಲ ಕೈಗೆ ಬಂದ ಕೂಡಲೇ ತಂದವರಿಗೆ ತೀರಿಸುವುದು. ಓಡಿ ಮಾಡಿಸಿದ ಮೊದಲ ವರ್ಷ ನಾನು ಆ ಹಣವನ್ನು ಓಡಿಯಿಂದಲೇ ತೆಗೆದೆ. ಮೂರು ಲಕ್ಷ, ಹನ್ನೊಂದೂವರೆ ಪರ್ಸೆಂಟ್, ನಾಲ್ಕು ದಿನ: 378 ರೂಪಾಯಿ. ಯಾರ ಮನೆ ಬಾಗಿಲಿಗೂ ಹೋಗಲಿಲ್ಲ.

ಓಡಿಯ ಗುಣವೇ ಅದು. ಮಂಜೂರಾದ ಮೊತ್ತಕ್ಕಲ್ಲ, ತೆಗೆದ ಮೊತ್ತಕ್ಕೆ, ಅದೂ ತೆಗೆದಷ್ಟು ದಿನಕ್ಕೆ ಮಾತ್ರ ಬಡ್ಡಿ. ದಿನದ ಕೊನೆಗೆ ಎಷ್ಟು ಬಾಕಿ ನಿಂತಿದೆಯೋ ಅದರ ಮೇಲೆ ಲೆಕ್ಕ ಹಾಕಿ ತಿಂಗಳ ಕೊನೆಗೆ ಖಾತೆಗೆ ಹಚ್ಚುತ್ತಾರೆ. ಇನ್ನೂ ಒಂದು ಉಪಕಾರವಾಗಿದೆ, ಅದನ್ನು ಮರೆಯಬಾರದು. ಮಾವನ ಕಾಲದಲ್ಲಿ ಕೊಯ್ಲಿನ ಕೂಲಿಗೆಂದು ವ್ಯಾಪಾರಿಯಿಂದ ಮುಂಗಡ ತಂದು, ಕೊನೆಗೆ ಆತ ಹೇಳಿದ ರೇಟಿಗೇ ಕಾಫಿ ತೂಗಿ ಕೊಡಬೇಕಿತ್ತು. ತೋಟ ಹೂವಾಗಿರುವಾಗಲೇ ಅರ್ಧ ದುಡ್ಡು ಖರ್ಚಾಗಿರುತ್ತಿತ್ತು. ಈಗ ಚೆರಿ (ಕಾಫಿ ಹಣ್ಣು) ಒಣಗಿಸಿಟ್ಟು, ಓಟಿ (ಚೆರಿಯಿಂದ ಎಷ್ಟು ಕಾಫಿ ಬೀಜ ಸಿಗುತ್ತದೆಂಬ ಅಳತೆ) ನೋಡಿಸಿ, ಮೂರು ಕಡೆ ರೇಟು ಕೇಳಿ ಕೊಡುತ್ತೇವೆ.

ಎಡವಿದ್ದು ಮಳೆಗಾಲದಲ್ಲಿ. ಆಗಸ್ಟಿನಲ್ಲಿ ಲೈನ್‌ಮನೆಯ ಶೀಟು ಹಾರಿತು, ಒಂದೂವರೆ ಲಕ್ಷ. ಜೀಪಿನ ಎಂಜಿನ್ ಬಿಚ್ಚಿಸಬೇಕಾಯಿತು. ಮಗಳ ಹಾಸ್ಟೆಲ್ ಫೀಸು. ಒಂದೂ ದುಂದಲ್ಲ. ಆದರೆ ಗೊಬ್ಬರಕ್ಕೆ, ಕೊಯ್ಲಿಗೆ ಹಾಕಿದ ದುಡ್ಡು ಕಾಫಿಯಾಗಿ ಮನೆಗೆ ಬರುತ್ತದೆ. ಶೀಟಿಗೆ ಹಾಕಿದ್ದು ಹಾಗೆ ಬರುವುದಿಲ್ಲ, ಅದಕ್ಕೆ ಕಂತಿನ ಸಾಲವೇ ಸರಿ. ಎಟಿಎಂ ಚೀಟಿಯಲ್ಲಿ ಓಡಿ ಮಿತಿಯೂ ಸೇರಿ ಕಾಣುವುದರಿಂದ ಅದು ನಮ್ಮದೇ ದುಡ್ಡು ಅನ್ನಿಸಿಬಿಟ್ಟಿತ್ತು.

ಇವತ್ತು ಪಾಸ್‌ಬುಕ್ ತಿರುವಿದೆ. ಸೆಪ್ಟೆಂಬರ್‌ನಿಂದ ಈಚೆಗೆ ಬಾಕಿ ನಾಲ್ಕು ಲಕ್ಷದ ಕೆಳಗೆ ಇಳಿದೇ ಇಲ್ಲ. ಈಗ 4,40,000. ದಿನಕ್ಕೆ 138 ರೂಪಾಯಿ ಚಿಲ್ಲರೆ, ವರ್ಷವಿಡೀ ಹೀಗೇ ನಿಂತರೆ 50,600. ಈಗಿನ ಒಳ್ಳೆಯ ರೇಟಿನಲ್ಲೂ ಅದು ನಾಲ್ಕೈದು ಮೂಟೆ ಚೆರಿ. ರೇಟು ಇನ್ನೂ ಏರೀತೆಂದು ಕಾಫಿ ಹಿಡಿದಿಟ್ಟ ಪ್ರತಿ ವಾರಕ್ಕೂ 970 ರೂಪಾಯಿ ಹೋಗುತ್ತಿದೆ, ಅದನ್ನು ನಾವು ಯಾವತ್ತೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಸೊಸೈಟಿಯ ಗಡುವು ಬಂದಾಗ ಓಡಿಯಲ್ಲಿ ಉಳಿದಿದ್ದು ಅರವತ್ತು ಸಾವಿರ. ಅದು ಸಾಲದೆ ಬಳೆ ಹೋಯಿತು.

ಬೆಳಿಗ್ಗೆ ನವೀಕರಣದ ಕಾಗದ ಹಿಡಿದು ಬ್ಯಾಂಕಿಗೆ ಹೋದರೆ ಮ್ಯಾನೇಜರ್, "ಎಂಟು ಲಕ್ಷ ಮಾಡ್ಕೊಡ್ತೀವಿ ಮೇಡಂ" ಎಂದರು. ನಮ್ಮ ಯಜಮಾನರಿಗೆ ಮನಸ್ಸಿದೆ. "ಇರ್ಲಿ ಬಿಡು, ತೆಗೀದಿದ್ರೆ ಬಡ್ಡಿ ಇಲ್ವಲ್ಲ" ಅಂತಾರೆ. ಸಿಗುವಾಗ ತೆಗೆದುಕೊಳ್ಳಬೇಕು ಅನ್ನುವುದರಲ್ಲೂ ಅರ್ಥವಿದೆ. ಪಕ್ಕದ ತೋಟದವರದು ಜಮ್ಮಾ ಜಾಗ, ಕೊಡಗಿನಲ್ಲಿ ಇಡೀ ಕುಟುಂಬಕ್ಕೆ ಸೇರಿದ ಹಳೆಯ ಹಿಡುವಳಿ. ಪಹಣಿಯಲ್ಲಿ ಪಟ್ಟೇದಾರರ (ಕುಟುಂಬದ ಹಿರಿಯರ) ಹೆಸರು, ಕುಟುಂಬದ ಎಲ್ಲರ ಒಪ್ಪಿಗೆ ಸಿಗದೆ ಅವರಿಗೆ ಓಡಿಯೇ ಆಗಲಿಲ್ಲ.

ಆದರೂ ನಾನು ಬೇಡವೆಂದೆ. "ಕೊಯ್ಲಿಗೆ ಮುಂಚೆ ಕಣ ಗುಡಿಸಿ ಖಾಲಿ ಇಡ್ತೀವಿ ಅಲ್ವಾ? ಜಾಗ ಇದೆ ಅಂತ ಸೌದೆ ಪೇರಿಸಿದ್ರೆ ಹಣ್ಣು ಬಂದ ದಿನ ಎಲ್ಲಿ ಹರಡೋದು? ಕಣ ದೊಡ್ಡದು ಮಾಡಿದ್ರೆ ಸೌದೆನೂ ಜಾಸ್ತಿ ಆಗುತ್ತೆ, ಅಷ್ಟೇ" ಎಂದೆ. ಇವರು ತುಂಬಾ ಹೊತ್ತು ಮಾತಾಡಲಿಲ್ಲ.

ನನಗೆ ಭಯ ಇರುವುದು ಕೆಟ್ಟ ವರ್ಷದ್ದು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಮಕ್ಕಂದೂರು ಕಡೆಯ ನಮ್ಮ ನೆಂಟರ ತೋಟ ಮಣ್ಣಿನಡಿ ಹೋಯಿತು. ತೋಟದ ಮೇಲಿನ ಸಾಲ ಹಾಗೇ ಉಳಿಯಿತು. ಓಡಿ ವರ್ಷ ವರ್ಷ ನವೀಕರಣವಾಗಬೇಕು. ಬ್ಯಾಂಕ್ ಬೇಡವೆಂದರೆ ಪೂರ್ತಿ ಕಟ್ಟಬೇಕು. ಮಿತಿ ಮೀರಿ 90 ದಿನ ನಿಂತರೆ ವಸೂಲಾಗದ ಸಾಲವೆಂದು ಬರೆದುಬಿಡುತ್ತಾರೆ. ತುಂಬಿದ ಓಡಿ ಇಟ್ಟುಕೊಂಡು ಅಂಥ ವರ್ಷ ಎದುರಿಸುವುದು ನನ್ನಿಂದಾಗದು.

ಕೊನೆಗೆ ಒಪ್ಪಿದ್ದು ಇಷ್ಟು. ಅರ್ಧ ಚೆರಿ ಈ ವಾರವೇ ಕೊಟ್ಟು ಓಡಿಯನ್ನು ಸೊನ್ನೆಗೆ ತರುವುದು. ಮಳೆಗಾಲದ ಗೊಬ್ಬರದವರೆಗೆ ಮುಟ್ಟದಿರುವುದು. ಫೆಬ್ರವರಿ ಮುಗಿಯುವಾಗ ಸೊಸೈಟಿಯ ಗಡುವಿಗೆಂದು ಓಡಿಯಲ್ಲಿ ಮೂರು ಲಕ್ಷ ಖಾಲಿ ಇರಲೇಬೇಕು. ಮನೆ ಖರ್ಚಿಗೆ ತೀರಾ ಬೇಕಾದರೆ ಮಗಳ ಹೆಸರಿನ ಎಫ್‌ಡಿ ಮುರಿಯದೆ ಅದರ ಮೇಲೆ ಸಾಲ ತೆಗೆಯುವುದು, ಅದರ ಬಡ್ಡಿ ಎಫ್‌ಡಿ ಬಡ್ಡಿಗಿಂತ ಒಂದೆರಡು ಪರ್ಸೆಂಟ್ ಹೆಚ್ಚು ಅಷ್ಟೇ. ಸೊಸೈಟಿಯ ಹೊಸ ಸಾಲ ಬಂದ ದಿನ ಮೊದಲು ಬಳೆ ಬಿಡಿಸುವುದು. ಇದನ್ನು ಇವರೇ ಹೇಳಿದರು.

ಸಹಿ ಇವತ್ತೇ ಹಾಕಬಹುದಿತ್ತು, ಅಮಾವಾಸ್ಯೆ ಬೇಡವೆಂದರು ಅತ್ತೆ. ಮಂಗಳವಾರ ಬ್ಯಾಂಕಿನವರಿಗೆ ವರ್ಷದ ಲೆಕ್ಕ. ಕ್ಯಾಲೆಂಡರಿನಲ್ಲಿ ಬುಧವಾರದ ಚೌಕದೊಳಗೆ 'ಬ್ಯಾಂಕ್, ಐದೇ ಲಕ್ಷ' ಎಂದು ಬರೆದಿಟ್ಟಿದ್ದೇನೆ.