ಬಮಾಕೋದ ಬಂಕ್ ಮುಂದೆ

ಬೆಳಿಗ್ಗೆ ತಿಂಡಿ ತಿನ್ನುತ್ತಾ ಮೊಬೈಲ್ ನೋಡುತ್ತಿದ್ದೆ. ಮಾಲಿಯ ರಾಜಧಾನಿ ಬಮಾಕೋದ ಒಂದು ಫೋಟೊ ಬಂತು. 2025ರ ಅಕ್ಟೋಬರ್‌ನದು.

ಪೆಟ್ರೋಲ್ ಬಂಕ್ ಮುಂದೆ ಬರೀ ಬೈಕ್‌ಗಳು. ಹ್ಯಾಂಡಲ್‌ಗೆ ಹ್ಯಾಂಡಲ್ ತಾಗುವಷ್ಟು ಒತ್ತಾಗಿ. ಒಬ್ಬ ಹುಡುಗ ಟ್ಯಾಂಕ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಾನೆ. ಪಕ್ಕದವನ ಕೈಯಲ್ಲಿ ಖಾಲಿ ಕ್ಯಾನು. ಪಂಪ್ ಹತ್ತಿರ ಯಾರೂ ಇಲ್ಲ.

ಮಾಲಿಗೆ ಸಮುದ್ರ ಇಲ್ಲ. ಪೆಟ್ರೋಲ್, ಡೀಸೆಲ್ ಬರುವುದು ಸೆನೆಗಲ್, ಐವರಿ ಕೋಸ್ಟ್ ಕಡೆಯಿಂದ, ಟ್ಯಾಂಕರ್ ಲಾರಿಗಳಲ್ಲಿ. ಸೆಪ್ಟೆಂಬರ್‌ನಿಂದ ಅಲ್‌ಖೈದಾ ನಂಟಿನ ಜೆಎನ್‌ಐಎಂ ಉಗ್ರರು ಆ ದಾರಿಗಳನ್ನೇ ಅಡ್ಡಗಟ್ಟಿದರು. ಸೇನೆ ಬೆಂಗಾವಲಿಗೆ ಹೋದರೂ ಲಾರಿಗಳು ಸುಟ್ಟುಹೋದವು. ಕೊನೆಗೆ ದೇಶದ ತುಂಬಾ ಶಾಲೆ, ಕಾಲೇಜುಗಳನ್ನು ಎರಡು ವಾರ ಮುಚ್ಚಿದರು. ಮೇಷ್ಟ್ರು, ಮಕ್ಕಳು ಬರುವುದಾದರೂ ಹೇಗೆ?

ಭದ್ರತೆ ಸರಿಯಿಲ್ಲ ಅಂತ ಜನ ಬೀದಿಗಿಳಿದಿದ್ದಾಗಲೇ, 2020ರಲ್ಲಿ, ಸೈನಿಕರು ಅಧಿಕಾರ ಹಿಡಿದದ್ದು. ಚುನಾವಣೆ 2022ಕ್ಕೆ ಅಂದರು. ಆಮೇಲೆ 2024ಕ್ಕೆ ಅಂದರು. 2025ರ ಮೇ ತಿಂಗಳಲ್ಲಿ ಪಕ್ಷಗಳನ್ನೇ ರದ್ದು ಮಾಡಿದರು. ಜುಲೈನಲ್ಲಿ ಆ ಸೈನಿಕರ ನಾಯಕ ಜನರಲ್ ಅಸಿಮಿ ಗೊಯಿಟಾಗೆ ಇನ್ನೂ ಐದು ವರ್ಷ ಅಧಿಕಾರ ಕೊಟ್ಟರು, ಮತದಾನವೇ ಇಲ್ಲದೆ.

ನನಗೆ ಜಾಸ್ತಿ ಸಿಟ್ಟು ಬರುವುದು ಇದಕ್ಕೇ. ರಾತ್ರಿಯೆಲ್ಲ ಕ್ಯೂ ನಿಂತವರು ಹೋಗಿ ಯಾರನ್ನು ಕೇಳಬೇಕು? ಅವರ ಪರವಾಗಿ ದನಿ ಎತ್ತಲು ಒಂದು ಪಕ್ಷವನ್ನೂ ಉಳಿಸಿಲ್ಲ ಅಲ್ವಾ.

ಅದೇ ಜುಲೈ 1ರಂದು ಪಶ್ಚಿಮ ಮಾಲಿಯ ಕಾಯೆಸ್‌ನ ಸಿಮೆಂಟ್ ಕಾರ್ಖಾನೆಯಿಂದ ಮೂವರು ಭಾರತೀಯ ಕೆಲಸಗಾರರನ್ನು ಬಂದೂಕುಧಾರಿಗಳು ಹೊತ್ತೊಯ್ದಿದ್ದರು. ಹೊಟ್ಟೆಪಾಡಿಗೆ ಅಷ್ಟು ದೂರ ಹೋದವರು ಅವರು.

ನಿಮ್ಮಲ್ಲಿ ಯಾರಿಗಾದರೂ ಆ ಕಡೆ ಕೆಲಸ ಮಾಡುವವರ ಪರಿಚಯ ಇದ್ದರೆ ಹೇಳಿ. ಒಮ್ಮೆ ಮಾತಾಡಬೇಕು ಅನ್ನಿಸುತ್ತಿದೆ.